ಹನ್ನೆರಡು ಕಳಕೊಂಡ ಕಬ್ಬಿಣ

ಭದ್ರಾವತಿಯ ನ್ಯೂಟೌನಿನಲ್ಲಿ ಈಗ ಸೈರನ್ ಕೂಗುವುದಿಲ್ಲ.
ಆದರೂ ರಾತ್ರಿ ಎರಡಕ್ಕೆ ಸರಿಯಾಗಿ ಎಚ್ಚರಾಗುತ್ತಾನೆ ಅಪ್ಪ,
ಮೆಲ್ಟರ್ ದೇವಸಹಾಯಂ, ಟೋಕನ್ ನಂಬರು ನಾನೂರ ಹನ್ನೊಂದು.
ನೀರು ಕುಡಿದು, ನನ್ನ ಕೋಣೆಯ ದೀಪ ನೋಡಿ
ಬಾಗಿಲಲ್ಲಿ ನಿಲ್ಲುತ್ತಾನೆ: ಇನ್ನೂ ಸೂರ್ಯನ ಜೊತೇನಾ?

ಸೂರ್ಯನ ಜೊತೆ ಅಲ್ಲ. ಅವನನ್ನು ಮುಚ್ಚಿಟ್ಟು
ಅಂಚಿನಲ್ಲಿ ಉಳಿದದ್ದರ ಜೊತೆ.
ಎಲ್ಲೋ ದೂರದ ಬೆಟ್ಟದ ದೂರದರ್ಶಕ ಕಳಿಸಿದ ಕಡತ;
ಅದರೊಳಗೆ ಎಂಟಾಣೆಯಷ್ಟಗಲದ ಒಂದು ಕರಿ ಬಿಲ್ಲೆ
ಹಗಲನ್ನೇ ನುಂಗಿ ಕೂತಿದೆ. ಸುತ್ತ ನರೆಗೂದಲಿನಂಥ ಪ್ರಭೆ,
ಹುಣ್ಣಿಮೆಗಿಂತ ಬಡವಾದ ಬೆಳಕು.
ಅದರೆದುರು ಒಂದು ಸೋಸುಗಾಜು. ತಿರುಗಿಸು:
ಸೊನ್ನೆ, ನಲವತ್ತೈದು, ತೊಂಬತ್ತು, ನೂರ ಮೂವತ್ತೈದು.
ನಾಲ್ಕು ಸಲ ಎಣಿಸು, ಒಂದರಿಂದ ಒಂದನ್ನು ಕಳೆ.

ಕಳೆಯುವುದೇ ನನ್ನ ಕಸುಬು.
ಮೊದಲು ಅಲ್ಲಿನ ಆಕಾಶ. ಭದ್ರೆಯ ಮೇಲಿನ ನಮ್ಮ ನೀಲಿಯ ಹಾಗೆ
ಅದೂ ಸಾಚಾ ಅಲ್ಲ, ಒಂದು ಕಡೆಗೆ ವಾಲಿದ ಬೆಳಕೇ.
ಆಮೇಲೆ ಗಾಜಿನ ಧೂಳು, ಕ್ಯಾಮೆರಾದ ಸೆಕೆ,
ಆಮೇಲೆ ನನ್ನ ಆಸೆ.
ಉಳಿದರೆ ಉಳಿಯಿತು, ನೂರರಲ್ಲಿ ಒಂದೋ ಎರಡೋ ಪಾಲು,
ಒಂದು ಓರೆ.

ಆ ಓರೆಯೇ ಸುದ್ದಿ.

ಹೇಗೆ ಅಂದರೆ, ಅಪ್ಪನಿಗೆ ಹೀಗೆ ಹೇಳಿದೆ,
ಕುಲುಮೆಯ ಬಾಯಿ ತೆರೆದಾಗ ನಿಮ್ಮೆಲ್ಲರ ಮುಖದ ಕಡೆ ಕೆಂಪು,
ಬೆನ್ನ ಕಡೆ ಕತ್ತಲು ಇರುತ್ತಿತ್ತಲ್ಲ, ಅಲ್ಲೂ ಹಾಗೇ.
ಕೆಳಗಿನಿಂದ ಮಾತ್ರ ಬೆಳಕು ಬಿದ್ದ ಪರಮಾಣು
ಅದನ್ನು ಮರಳಿಸುವಾಗ
ಎಲ್ಲ ಕಡೆಗೂ ಒಂದೇ ಸಮ ಅದುರುವುದಿಲ್ಲ;
ಅಲ್ಲಿ ಹಾದುಹೋಗುವ ಕಾಂತ ಅದರ ಹೆಗಲು ಹಿಡಿದು
ತನ್ನ ಸಾಲಿಗೆ ನಿಲ್ಲಿಸುತ್ತದೆ.
ಸಾಲು ಕಾಣುವುದಿಲ್ಲ. ನಿಂತ ಭಂಗಿ ಕಾಣುತ್ತದೆ.

ಬಲ ಎಷ್ಟು ಅದಕ್ಕೆ?
ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಬಿಲ್ಲೆಗಿಂತ ಕಮ್ಮಿ.
ಆದರೂ ಭೂಮಿಗಿಂತ ದೊಡ್ಡ ಕಮಾನುಗಳನ್ನು
ಎತ್ತಿ ಹಿಡಿದಿರುವುದು ಅದೇ.

ಯಾವ ಪರಮಾಣು? ಅಂದ.
ಕಬ್ಬಿಣ, ಅಂದೆ.

ಅವನು ಒಳಗೆ ಬಂದು ಕೂತ.
ಮೂವತ್ತೊಂದು ವರ್ಷ, ಟೋಪಿಯಂಚಿಗೆ ನೇತುಬಿಟ್ಟ ನೀಲಿ ಗಾಜಿನಲ್ಲಿ
ಕರಗಿದ್ದನ್ನು ನೋಡಿ, ಹಾಲು ಉಕ್ಕುವ ಮೊದಲೇ ಗೊತ್ತಾಗುವವರ ಹಾಗೆ
ಹದ ಹೇಳುತ್ತಿದ್ದವನು.
ಎಷ್ಟು ಕಾವು?
ನಿನ್ನದು ಹದಿನಾರು ನೂರು. ಇದು ಹದಿನಾರು ಲಕ್ಷ.
ನಗಲಿಲ್ಲ. ಪರದೆ ಸುಟ್ಟೀತೆಂಬಂತೆ ಕೈ ಹಿಂದಕ್ಕೆಳೆದುಕೊಂಡ.
ಆ ಕಾವಿಗೆ ಹನ್ನೆರಡು ಎಲೆಕ್ಟ್ರಾನು ಕಳಚಿಹೋಗಿವೆಯಪ್ಪ,
ಇಪ್ಪತ್ತಾರರಲ್ಲಿ ಹದಿನಾಲ್ಕೇ ಉಳಿದಿರೋದು.
ಅಷ್ಟು ಕಳಕೊಂಡ ಮೇಲೂ ಅದನ್ನ ಕಬ್ಬಿಣ ಅಂತೀರಾ?
ಅಂತೀವಿ. ಹೆಸರು ಇರೋದು ಒಳಗಿನ ಪ್ರೋಟಾನುಗಳ ಲೆಕ್ಕದಲ್ಲಿ,
ಹೊರಗೆ ಸುತ್ತೋದರಲ್ಲಿ ಅಲ್ಲ.

ಸ್ವಲ್ಪ ಹೊತ್ತು ಕಿಟಕಿ ಕಡೆ ನೋಡಿದ.
ಆಚೆ ತಣ್ಣಗಿನ ಚಿಮಣಿ,
ಕಿಟ್ಟದ ಗುಡ್ಡೆಯ ಮೇಲೆ ಲಂಟಾನ.

ನಾನಾಗ ಆರನೇ ಕ್ಲಾಸು. ಲೇತಿನಡಿಯ ಪುಡಿಯನ್ನು
ಬೀಡಿಕಟ್ಟಿನ ಕಾಗದದಲ್ಲಿ ಸುತ್ತಿ ತಂದಿದ್ದ.
ಹಳೇ ಸ್ಪೀಕರಿನ ಸೂಜಿಗಲ್ಲು, ಮೇಲೆ ಕ್ಯಾಲೆಂಡರಿನ ಹಾಳೆ, ಅದರ ಮೇಲೆ ಪುಡಿ.
ಏನೂ ಆಗಲಿಲ್ಲ. ತಟ್ಟು, ಅಂದ.
ತಟ್ಟಿದೆ. ಜುಲೈ ತಿಂಗಳ ಬೆನ್ನ ಮೇಲೆ
ಸಾಲುಸಾಲಾಗಿ ಎದ್ದು ನಿಂತವು.
ಇವು ಹೋಗ್ತಿದಾವಾ, ಬರ್ತಿದಾವಾ? ಕೇಳಿದ್ದೆ.
ಗೊತ್ತಿಲ್ಲ ಅಂದಿದ್ದ. ಬೇರೆ ಅಪ್ಪಂದಿರು ಏನಾದರೂ ಹೇಳುತ್ತಿದ್ದರು.

ಈಗ ಪ್ರಶ್ನೆ ಅವನದು:
ಈ ಗೆರೆ ಮೇಲಕ್ಕೆ ಹೋಗೋದೋ, ಕೆಳಗೆ ಇಳಿಯೋದೋ?
ನನ್ನ ಪರದೆಯ ತುಂಬ ಪುಟ್ಟ ಗೆರೆಗಳು, ಬಾಣದ ತಲೆಯಿಲ್ಲದವು.
ಓರೆ ಎಷ್ಟೆಂದು ಹೇಳುತ್ತವೆ, ಎತ್ತ ಎಂದು ಹೇಳುವುದಿಲ್ಲ.
ಅದಕ್ಕೆ ಇನ್ನೊಂದು ಬೆಳಕು ಬೇಕು,
ತಿರುಪಿನ ಹಾಗೆ ಸುತ್ತಿಕೊಂಡು ಬರುವಂಥದ್ದು,
ಹತ್ತು ಸಾವಿರದಲ್ಲಿ ಒಂದು ಪಾಲು; ಇದ್ದರೂ ಗದ್ದಲದಲ್ಲಿ ಮುಳುಗಿದೆ.
ಮೂರು ತಿಂಗಳಿಂದ ಕಳೆಯುತ್ತಲೇ ಇದ್ದೇನೆ.
ಗೊತ್ತಿಲ್ಲಪ್ಪ, ಎಂದೆ.

ಅವನು ಎದ್ದ. ಹೋಗುವ ಮುಂಚೆ
ಸುಟ್ಟ ಕಲೆಯ ತೋರುಬೆರಳಿನಿಂದ
ಪರದೆಯ ಅಂಚನ್ನು ಎರಡು ಸಲ ಮೆಲ್ಲಗೆ ತಟ್ಟಿದ.

ನಾನೂ ನೋಡಿದೆ.